ನಾನು ಮುಚ್ಚಿದ ಕಲೆ

ಸಂಜೆ ನಾಲ್ಕಕ್ಕೆ ಶುರುವಾದ ಮಳೆ ಆರಾದರೂ ಬಿಟ್ಟಿರಲಿಲ್ಲ. ನರ್ಸಿಂಗ್ ಹಾಸ್ಟೆಲಿನ ಊಟದ ಹಾಲಿನಲ್ಲಿ ನಾವು ಏಳು ಹುಡುಗಿಯರು, ಹೆರಿಗೆ ವಾರ್ಡಿನ ಡ್ಯೂಟಿ ಮುಗಿಸಿ ನೆನೆದುಕೊಂಡು ಬಂದವರು, ಒದ್ದೆ ಯೂನಿಫಾರ್ಮುಗಳನ್ನು ಕುರ್ಚಿಗಳ ಬೆನ್ನಿಗೆ ಹರವಿ, ಕರೆಂಟಿಲ್ಲದ ಮಬ್ಬಿನಲ್ಲಿ ಒಂದೇ ಫೋನಿನ ಮೇಲೆ ತಲೆ ಬಗ್ಗಿಸಿ ಕೂತಿದ್ದೆವು. ನಮ್ಮಲ್ಲೊಬ್ಬಳ ಅಕ್ಕ ತುಂಬು ಬಸುರಿ. ಅವಳು ಗಂಡನ ಜೊತೆ ಫೋಟೋ ತೆಗೆಸಿಕೊಂಡು ಕಳಿಸಿದ್ದಳು. ಗಾಳಿಗೆ ಹಾರುವ ಉದ್ದನೆಯ ಬಟ್ಟೆ, ತೆರೆದ ಹೊಟ್ಟೆಯ ಮೇಲೆ ನಾಲ್ಕು ಕೈ. 'ಎಷ್ಟು ಚೆನ್ನಾಗಿದೆ!' ಅಂತ ನಾವೆಲ್ಲ ಒಂದೇ ಸಮನೆ ಕೂಗುತ್ತಿದ್ದಾಗ ಹಾಸ್ಟೆಲ್ ನೋಡಿಕೊಳ್ಳುವ ಅಜ್ಜಿ ಮೇಣದ ಬತ್ತಿ ಹಿಡಿದು ಒಳಗೆ ಬಂದರು. ಹಾಸ್ಟೆಲಿನ ಬೀಗದ ಕೈಯೆಲ್ಲ ಇವರ ಸೊಂಟದಲ್ಲೇ. ಎಂಬತ್ತು ದಾಟಿದರೂ ಕಣ್ಣು ಮಾತ್ರ ಸೂಜಿಯಂಥದ್ದು. ಗೆಳತಿ ಖುಷಿಯಿಂದ ಫೋನನ್ನು ಅವರ ಮುಖದ ಮುಂದೆ ಹಿಡಿದಳು. ಅಜ್ಜಿ ಒಂದು ಸಲ ನೋಡಿದವರು, ಸತ್ತ ಇಲಿಯನ್ನು ತೋರಿಸಿದ ಹಾಗೆ ಮುಖ ತಿರುಗಿಸಿ, 'ತೆಗಿಯೇ ಆಚೆ, ಹೊಟ್ಟೆ ತೊಳಸತ್ತೆ' ಅಂದುಬಿಟ್ಟರು. ಅವಳ ಮುಖ ಸಣ್ಣದಾಯಿತು. ಅಜ್ಜಿ ಅದನ್ನು ನೋಡಿ, ಬತ್ತಿಯನ್ನು ಮೇಜಿಗೆ ಅಂಟಿಸಿ, ಕುರ್ಚಿ ಎಳೆದುಕೊಂಡು ಕೂತರು.

ಬೇಜಾರು ಮಾಡ್ಕೋಬೇಡ ಕಣೇ. ನಿಮ್ಮಕ್ಕನ ಮೇಲೆ ನನಗೇನೂ ಇಲ್ಲ, ಅವಳು ಸುಖವಾಗಿ ಹೆತ್ತು ಎದ್ದು ಓಡಾಡ್ಲಿ. ಆದ್ರೆ ಬಸುರಿ ಹೊಟ್ಟೆಗೆ ಕ್ಯಾಮೆರಾ ಗುರಿ ಇಟ್ಟಿದ್ದು ಕಂಡ್ರೆ ನನಗೆ ಐವತ್ತೈದು ವರ್ಷದ ಹಿಂದಿನ ಒಂದು ವಾಸನೆ ಮೂಗಿಗೆ ಬರತ್ತೆ... ಏನು ವಾಸನೆ ಅಂತೀರಾ? ಹೇಳ್ತೀನಿ. ಕೇಳಿದ ಮೇಲೆ ಊಟ ಸೇರದಿದ್ರೆ ಮಾತ್ರ ನನ್ನ ಬೈಬೇಡಿ.

ಈ ಹಾಸ್ಟೆಲಿಗೆ ಬರೋಕೆ ಮುಂಚೆ ನಾನು ಏನಾಗಿದ್ದೆ ಗೊತ್ತಾ ನಿಮಗೆ? ಫೋಟೋ ಸ್ಟುಡಿಯೋದಲ್ಲಿ ಟಚಿಂಗ್ ಮಾಡ್ತಿದ್ದೆ. ನಿಮ್ಮ ಫೋನು ಈಗ ಒಂದು ಬೆರಳು ಸವರಿದ್ರೆ ಮೊಡವೆ ಅಳಿಸತ್ತಲ್ಲ, ಆ ಕೆಲಸ ಆಗ ಕೈಯಲ್ಲಿ ಆಗ್ತಿತ್ತು. ನೆಗೆಟಿವನ್ನ ಬೆಳಕಿನ ಗಾಜಿನ ಮೇಲಿಟ್ಟು, ಭೂತಗನ್ನಡಿ ಹಿಡಿದು, ಸೂಜಿಮೊನೆ ಹಾಗೆ ಹೆರೆದ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆ ಇಡಬೇಕು. ನೆಗೆಟಿವಿನಲ್ಲಿ ಎಲ್ಲ ಉಲ್ಟಾ ಕಣ್ರಮ್ಮ. ಬಿಳೀದು ಕಪ್ಪು, ಕಪ್ಪಗಿರೋದು ಬಿಳಿ. ಮುಖದ ಮೇಲೆ ಮಚ್ಚೆ ಇದ್ರೆ ಅಲ್ಲಿ ಬೆಳ್ಳಗೆ ಕಾಣತ್ತೆ, ಅದನ್ನ ಪೆನ್ಸಿಲಿನಿಂದ ತುಂಬಿಬಿಟ್ರೆ ಕಾಗದದ ಮೇಲೆ ಮಚ್ಚೆ ಮಾಯ. ಜಾಗ ದೊಡ್ಡದಾದ್ರೆ ಪೆನ್ಸಿಲ್ ಸಾಲದು, ಕುಂಚದಲ್ಲಿ ಕೆಂಪು ಬಣ್ಣದ ನೀರು ಹಚ್ಚಬೇಕು, ಕೆಂಪು ಬೆಳಕನ್ನ ತಡೆದು ಕಾಗದದ ಮೇಲೆ ಬಿಳಿ ಬರತ್ತೆ. ನನ್ನ ಕೈ ಅಂದ್ರೆ ಊರಲ್ಲಿ ಹೆಸರುವಾಸಿ.

ಸ್ಟುಡಿಯೋ ಇದ್ದದ್ದು ಹೆರಿಗೆ ಆಸ್ಪತ್ರೆಯ ಎದುರಿಗೇ. ಅದರ ಯಜಮಾನರನ್ನ ಎಲ್ಲರೂ ನಗು ಮಾಸ್ಟರು ಅಂತಿದ್ರು, ಯಾಕಂದ್ರೆ ಕ್ಯಾಮೆರಾ ಹಿಂದೆ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, 'ಎಲ್ಲಿ, ಒಂದೇ ಒಂದು ನಗು' ಅಂತ ರಾಗ ಎಳೀತಿದ್ರು. ಬಸುರಿಯರು ಬರ್ತಿದ್ರು, ಹೆತ್ತು ಮೂರು ದಿನಕ್ಕೆ ಮಗು ಎತ್ತಿಕೊಂಡು ಬರ್ತಿದ್ರು. ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ನೇತುಹಾಕಿದ್ದ ಕೂಸುಗಳ ಫೋಟೋ ನೋಡಿದ್ರೆ ಕಲ್ಲೂ ಕರಗಬೇಕು, ಅಷ್ಟು ಮುದ್ದು. ಒಳಗೆ? ಒಳಗೆ ಬಂದು ನೋಡಿದವರು ಒಂದು ತುತ್ತು ಬಾಯಿಗಿಡ್ತಿರ್ಲಿಲ್ಲ. ಕೂಸು ಮಲಗಿಸೋ ಬುಟ್ಟಿಗೆ ಒಂದೇ ಒಂದು ಉಣ್ಣೆ ಬಟ್ಟೆ, ಎಲ್ಲ ಕೂಸಿಗೂ ಅದೇ. ಒಂದು ಕಕ್ಕಿದ ಹಾಲು ಒಣಗಿ ಹಕ್ಕಳೆಯಾಗಿರೋದು, ಅದರ ಮೇಲೆ ಇನ್ನೊಂದರ ಉಚ್ಚೆ, ಅದರ ಮೇಲೆ ಮಾಸ್ಟರು ಒಂದಿಷ್ಟು ಪೌಡರ್ ಉದುರಿಸಿ ಕೊಡವೋರು. ಅಳೋ ಕೂಸಿಗೆ ಒಂದು ಬಾಟಲಿ ಇಟ್ಟಿದ್ರು, ಅದೇನೋ ಕಂದು ಬಣ್ಣದ ಸಿರಪ್ಪು. ತಮ್ಮ ಕಿರುಬೆರಳು ಅದರಲ್ಲಿ ಅದ್ದಿ ಕೂಸಿನ ಬಾಯಿಗೆ ತುರುಕೋರು, ಆಮೇಲೆ ಅದೇ ಬೆರಳು ತಾವೇ ಚೀಪೋರು. ಐದು ನಿಮಿಷಕ್ಕೆ ಕೂಸು ಹಿಂಡಿದ ಬಟ್ಟೆ. ಆಗ ಅದರ ಕೈ ಗಲ್ಲಕ್ಕೆ, ಕಾಲು ಹೊಟ್ಟೆಗೆ ಮಡಚಿ, 'ನೋಡಿ, ದೇವತೆ!' ಅನ್ನೋರು. ನನಗೆ ವಾಕರಿಕೆ ಬರ್ತಿತ್ತು. ಬಂದ್ರೂ... ನಾನು ಅಲ್ಲೇ ಇದ್ದೆ. ವಿಧವೆ, ಮನೇಲಿ ಕಣ್ಣು ಕಾಣದ ತಾಯಿ. ಕೆಲಸ ಬಿಟ್ಟು ಎಲ್ಲಿಗೆ ಹೋಗ್ಲಿ?

ಪಕ್ಕದ ಮಳಿಗೆಯಲ್ಲಿ ಒಬ್ಬಳು ಹೊಲಿಗೆ ಹಾಕ್ತಿದ್ಲು. ಸ್ಟುಡಿಯೋದ ಪರದೆಗಳು ಹರಿದ್ರೆ ಅವಳೇ ಸರಿಮಾಡಿ ಕೊಡೋಳು. ನನ್ನನ್ನ ಅಕ್ಕಾ ಅಂತಿದ್ಲು. ಗಂಡ ಲಾರಿ ಓಡಿಸೋನು, ತಿಂಗಳಲ್ಲಿ ನಾಲ್ಕು ದಿನ ಮನೇಲಿದ್ರೆ ಹೆಚ್ಚು. ಬಾಯಿ ತುಂಬ ಮಾತು, ಮಾತಿನ ತುಂಬ ನಗು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಹಾಡು ಗುನುಗೋಳು, ನಾನು 'ನುಂಗಿಬಿಟ್ಟೀಯ ಕಣೇ' ಅಂದ್ರೆ, 'ನುಂಗಿದ್ರೆ ಹೊಟ್ಟೇಲಿರೋದು ಹೊಲಿಗೆ ಕಲಿಯತ್ತೆ ಬಿಡಕ್ಕಾ' ಅನ್ನೋಳು. ಚೊಚ್ಚಲು ಬಸುರಿ.

ಅದೇ ಹೊತ್ತಿಗೆ ದೊಡ್ಡದೊಂದು ಫೋಟೋ ಸ್ಪರ್ಧೆ ಬಂತು, ವಿಷಯ ತಾಯ್ತನ. ಮಾಸ್ಟರಿಗೆ ಒಂದೇ ಹುಚ್ಚು ಹತ್ತಿಬಿಡ್ತು... ಹುಟ್ಟೋ ಗಳಿಗೇನೇ ಹಿಡೀಬೇಕು, ಇದುವರೆಗೆ ಯಾರೂ ಹಿಡಿಯದ್ದು ಹಿಡೀಬೇಕು. ಹೊಲಿಗೆಯವಳನ್ನ ಕರೆದು ಕೂರಿಸಿ ಬೆಣ್ಣೆ ಹಚ್ಚಿದ್ರು. 'ನಿನ್ನ ಗಂಡ ಊರಲ್ಲಿರಲ್ಲ, ಮಗು ಹುಟ್ಟಿದ್ದನ್ನ ಅವನು ಹೇಗೆ ನೋಡ್ಬೇಕಮ್ಮ? ನಾನು ಫೋಟೋ ತೆಗೆದು ಕೊಡ್ತೀನಿ, ನೋಡಿ ಕಣ್ಣು ತುಂಬಿಕೊಳ್ಳಲಿ.' ಪಾಪ, ಅವಳು ನನ್ನ ಮುಖ ನೋಡಿದ್ಲು. 'ಏನಕ್ಕಾ, ಒಪ್ಪಿಕೊಳ್ಲಾ?' ನಾನೇನಂದೆ ಗೊತ್ತಾ? 'ನಿನ್ನಿಷ್ಟಮ್ಮ' ಅಂದೆ. ಬೇಡ ಅನ್ನೋಕೆ ನಾಲಿಗೆ ಎಷ್ಟು ಹೊರಳಬೇಕಿತ್ತು, ಹೇಳಿ? ಎರಡೇ ಅಕ್ಷರ. ಹೊರಳಲಿಲ್ಲ.

ಆಸ್ಪತ್ರೆಯ ದೊಡ್ಡವರನ್ನೆಲ್ಲ ಮಾಸ್ಟರು ಮೊದಲೇ ಒಲಿಸಿಕೊಂಡಿದ್ರು. ನೋವು ಜೋರಾದ ಮಧ್ಯಾಹ್ನ ಕ್ಯಾಮೆರಾ, ದೀಪ ಎಲ್ಲ ಹೊತ್ತುಕೊಂಡು ರಸ್ತೆ ದಾಟಿದ್ರು. ಮೂರು ಗಂಟೆಗೆ ವಾಪಸ್ ಬಂದವರು ಡಾರ್ಕ್ ರೂಮಿಗೆ ನುಗ್ಗಿದ್ರು. ನಾನು ಹೊರಗಿಂದ, 'ಏನು ಮಗು ಮಾಸ್ಟ್ರೇ?' ಅಂತ ಕೂಗಿದೆ. 'ಹೆಣ್ಣು, ಹೆಣ್ಣು' ಅಂದ್ರು. 'ಅವಳು ಹೇಗಿದಾಳೆ?' ಅಂದೆ. ಒಳಗೆ ಫಿಲ್ಮು ತೊಳೀತಾನೇ ಇದ್ರು. ಆಮೇಲೆ, 'ಇಲ್ಲಮ್ಮ, ಹೋಗ್ಬಿಟ್ಲು, ರಕ್ತ ಜಾಸ್ತಿ ಹೋಯ್ತಂತೆ' ಅಂದ್ರು... ಅದೇ ಉಸಿರಿನಲ್ಲಿ, 'ಆದ್ರೆ ಫೋಟೋ ಬಂದಿದೆ ನೋಡಿ, ಬೆಂಕಿ!'

ಬೆಂಕಿ ಅಂದ್ರು ಕಣ್ರೇ.

ಮಾರನೇ ದಿನ ನೆಗೆಟಿವ್ ನನ್ನ ಗಾಜಿನ ಮೇಲೆ ಇಟ್ರು. ನರ್ಸಮ್ಮ ಒಬ್ಬಳು ಹೊಕ್ಕುಳಬಳ್ಳಿ ನೇತಾಡ್ತಿರೋ ಕೂಸನ್ನ ಎರಡು ಕೈಯಲ್ಲಿ ಮೇಲೆತ್ತಿ ಹಿಡಿದಿದಾಳೆ, ಕೆಳಗೆ ಇವಳು ತಲೆ ಎತ್ತಿ, ಬಾಯಿ ಅರ್ಧ ತೆರೆದು ಅದರ ಕಡೆ ನೋಡ್ತಿದಾಳೆ. ಅವಳ ಸೊಂಟದಿಂದ ಕೆಳಕ್ಕೆ ಹಾಸಿಗೆಯ ತುಂಬ ಒಂದು ಬೆಳ್ಳನೆ ಆಕಾರ, ಕೈಬೆರಳು ಚಾಚಿದ ಹಾಗೆ ಅಂಚಿನವರೆಗೂ ಹರಿದಿತ್ತು. ನೆಗೆಟಿವಿನಲ್ಲಿ ಬೆಳ್ಳಗಿದ್ರೆ ಏನರ್ಥ, ಈಗ ತಾನೇ ಹೇಳಿದ್ನಲ್ಲ. 'ಈ ಕೊಳಕೊಂದು ಮುಚ್ಚಿಬಿಡಿ' ಅಂದ್ರು ಮಾಸ್ಟರು, ಪೆನ್ಸಿಲಿನ ಮೊನೆಯನ್ನ ತಮ್ಮ ನಾಲಿಗೆಗೆ ತಾಗಿಸಿ ನನ್ನ ಕೈಗೆ ಕೊಡ್ತಾ. ಆ ಎಂಜಲು ಪೆನ್ಸಿಲು ಹಿಡಿದು ಮೂರು ದಿನ ಕೂತೆ. ಪೆನ್ಸಿಲ್ ಸಾಲಲಿಲ್ಲ, ಕೆಂಪು ನೀರು ಹಚ್ಚಿದೆ. ನನ್ನನ್ನ ಅಕ್ಕಾ ಅಂದವಳ ರಕ್ತದ ಮೇಲೆ ನಾನು ಕೆಂಪು ಬಣ್ಣ ಬಳಿದು ಅದನ್ನ ಬಿಳಿ ಮಾಡಿದೆ. ಕಾಗದಕ್ಕೆ ಬಂದಾಗ ಹಾಸಿಗೆ ಹಾಲಿನ ಹಾಗೆ ಬೆಳ್ಳಗಿತ್ತು.

ಮೊದಲನೇ ಬಹುಮಾನ ಬಂತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಅವಳ ಮುಖದಲ್ಲಿ ಎಂಥ ಆನಂದ, ಎಂಥ ಧನ್ಯತೆ ಅಂತ ಗಣ್ಯರು ಭಾಷಣ ಮಾಡಿದ್ರು. ಲಾರಿ ಡ್ರೈವರು ಕೂಸನ್ನ ಎದೆಗವಚಿಕೊಂಡು ಬಂದು ಆ ಫೋಟೋ ನೋಡಿ, ತನ್ನ ತಾಯಿಯ ಊರಿಗೆ ಹೊರಟುಹೋದ. ಕೂಸು ಅಲ್ಲೇ ಬೆಳೀತು, ಚೆನ್ನಾಗೇ ಬೆಳೀತು ಅಂತ ಆಮೇಲೆ ಕೇಳಿದೆ.

ಇಲ್ಲಿಗೆ ಮುಗೀತು ಅಂದ್ಕೊಂಡೆ. ಎರಡು ತಿಂಗಳಾಗಿರಬೇಕು... ಶಾಲೆಯ ಟೀಚರಮ್ಮ ಒಬ್ಬರು ಎಂಟು ತಿಂಗಳ ಬಸುರಿ, ಫೋಟೋ ತೆಗೆಸಿಕೊಂಡು ಹೋದ್ರು. ಕುರ್ಚಿ ಮೇಲೆ ಕೂತು, ಹೊಟ್ಟೆ ಮೇಲೆ ಕೈಯಿಟ್ಟು, ಶುಭ್ರವಾಗಿ. ನೆಗೆಟಿವ್ ಗಾಜಿನ ಮೇಲಿಟ್ಟೆ. ಮಡಿಲಿನಿಂದ ಕೆಳಕ್ಕೆ, ಬಟ್ಟೆ ಮೇಲೆ, ಬೆಳ್ಳನೆ ಆಕಾರ. ಬೆರಳು ಚಾಚಿದ ಹಾಗೆ. ಭೂತಗನ್ನಡಿ ಹತ್ತಿರ ಹಿಡಿದು ನೋಡಿದೆ. ಮೂರು ದಿನ ಆ ಅಂಚನ್ನ ಪೆನ್ಸಿಲಿನಲ್ಲಿ ತಿದ್ದಿದವಳು ನಾನು, ನನಗೆ ಗುರುತು ಸಿಗದೇ ಇರತ್ತಾ? ಮಾಸ್ಟರು, 'ಫಿಲ್ಮು ಕೆಟ್ಟಿರಬೇಕು, ಮುಚ್ಚಿ' ಅಂದ್ರು. ಮುಚ್ಚಿದೆ. ಆ ಪ್ರಿಂಟನ್ನ ತೊಳೆಯೋಕೆ ತಟ್ಟೆಗೆ ಕೈ ಹಾಕ್ತೀನಿ... ನೀರು ಬಿಸಿ. ಚಳಿಗಾಲದ ನಲ್ಲಿ ನೀರು ಕಣ್ರೇ, ಬೆರಳು ಮರಗಟ್ಟಬೇಕು. ಮೈ ಬಿಸಿ ಇರತ್ತಲ್ಲ, ಅಷ್ಟು ಬಿಸಿ, ಒಂಥರಾ ಲೋಳೆ ಲೋಳೆ. ಮೂಗಿಗೆ ಹಸಿ ಕಬ್ಬಿಣದ ವಾಸನೆ. ನಿಮಗೆ ಹೇಳಬೇಕಾಗಿಲ್ಲ ಅದು ಏನು ವಾಸನೆ ಅಂತ, ನೀವು ದಿನಾ ಅದರಲ್ಲೇ ಕೈ ಅದ್ದೋರು. ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿದೆ.

ಹತ್ತು ದಿನಕ್ಕೆ ಟೀಚರಮ್ಮ ಹೆರಿಗೆಯಲ್ಲಿ ರಕ್ತ ಹೋಗಿ ತೀರಿಕೊಂಡ್ರು.

ಆಮೇಲೆ ಬೇಕರಿಯವರ ಸೊಸೆ. ಅದೇ ಕಲೆ, ಅದೇ ಬಿಸಿನೀರು. ಈ ಸಲ ನಾನು ಮಾಸ್ಟರ ಮುಂದೆ ಅಳ್ತಾ ನಿಂತೆ, 'ಇದು ಅವಳೇ ಮಾಸ್ಟ್ರೇ, ಅವಳೇನೋ ಹೇಳ್ತಿದಾಳೆ' ಅಂದೆ. ಅವರು ಹಲ್ಲು ಕಡ್ಡಿಯಿಂದ ಹಲ್ಲು ಕೆದಕ್ತಾ, ಕೆದಕಿದ್ದನ್ನ ನೋಡಿ ಮತ್ತೆ ಬಾಯಿಗೆ ಹಾಕ್ಕೊಂಡು, 'ಹೇಳ್ಲಿ ಬಿಡಿ. ಗಿರಾಕಿಗೆ ರಕ್ತ ತೋರಿಸಿದ್ರೆ ನಾಳೆ ಯಾರು ಬರ್ತಾರೆ?' ಅಂದ್ರು. ನಾನು ಮುಚ್ಚಿದೆ. ಹೌದು ಕಣ್ರೇ, ಗೊತ್ತಿದ್ದೂ ಮುಚ್ಚಿದೆ. ಹಾಗೆ ನೋಡಬೇಡಿ ನನ್ನ... ನೋಡಿ, ನೋಡಿ, ಪರವಾಗಿಲ್ಲ. ಆ ಹುಡುಗಿಗೆ ಇಪ್ಪತ್ತು ತುಂಬಿರ್ಲಿಲ್ಲ. ಅವಳೂ ಹೋದ್ಲು, ಕೂಸೂ ಹೋಯ್ತು. ಅವತ್ತಿಂದ ನನ್ನ ಕೈಗೆ ಆ ವಾಸನೆ ಅಂಟಿಕೊಳ್ತು. ಸೋಪು ಹಾಕಿ ಚರ್ಮ ಸುಲಿಯೋ ಹಾಗೆ ತಿಕ್ಕಿದ್ರೂ ಹೋಗ್ಲಿಲ್ಲ. ತುತ್ತು ಬಾಯಿ ಹತ್ತಿರ ತಂದವಳು ಹಾಗೇ ತಟ್ಟೆಗೆ ಹಾಕಿಬಿಡ್ತಿದ್ದೆ. ನನ್ನ ಕೈ ನನಗೇ ಅಸಹ್ಯ.

ಮೂರನೆಯವಳು ಯಾರು ಗೊತ್ತಾ? ಆ ಫೋಟೋದಲ್ಲಿ ಕೂಸು ಎತ್ತಿ ಹಿಡಿದಿದ್ಲಲ್ಲ, ಆ ನರ್ಸಮ್ಮ. ವರ್ಷ ತಿರುಗೋದ್ರೊಳಗೆ ಅವಳೇ ಬಸುರಿ. ಗಂಡನ ಬಲವಂತಕ್ಕೆ ಬಂದಿದ್ಲು, ಕ್ಯಾಮೆರಾ ಕಡೆ ಮುಖ ಎತ್ತಿ ನೋಡಲೇ ಇಲ್ಲ. ಅವಳು ಹೋದ ಮೇಲೆ ನೆಗೆಟಿವ್ ನನ್ನ ಮೇಜಿಗೆ ಬಂತು. ಇತ್ತು. ಮುಂಚಿನ ಎರಡಕ್ಕಿಂತ ದೊಡ್ಡದಾಗಿ ಇತ್ತು.

ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳ್ಲಿ? ಪೆನ್ಸಿಲ್ ಹೆರೀತಾ ನಾನು ಯೋಚನೆ ಮಾಡಿದ್ದು ಏನು ಅಂದ್ರೆ... ಇವಳು ಹೋಗ್ಲಿ. ಅವಳು ಸಾಯೋವಾಗ ಇವಳು ಫೋಟೋಗೆ ನಿಂತಿದ್ಲು, ಇವಳೂ ಹೋಗ್ಲಿ ಬಿಡು. ಮೊನೆ ನೆಗೆಟಿವಿಗೆ ತಾಗಿಸಿದೆ. ಆಗ ಗಾಜಿನ ಮೇಲೆ, ಕಲೆಯ ಒಳಗಿಂದ ಜಿನುಗಿ ಬಂದ ಹಾಗೆ, ಒಂದು ಹನಿ ನೀರು ನಿಂತಿತ್ತು. ಒರೆಸಿದೆ, ಮತ್ತೆ ನಿಂತಿತು. ಒರೆಸಿದೆ, ಮತ್ತೆ. ಬೆಚ್ಚಗಿತ್ತು. ಕಿವಿ ಹತ್ತಿರ ಯಾರೋ ಗುಂಡುಸೂಜಿ ಕಚ್ಚಿಕೊಂಡು ಮಾತಾಡಿದ ಹಾಗೆ, ತುಟಿ ಬಿಚ್ಚದೆ, 'ಅಕ್ಕಾ' ಅಂತು. ಒಂದೇ ಸಲ. ಕೋಪದ ದನಿಯಲ್ಲ ಕಣ್ರೇ, ಗೋಗರೆಯೋ ದನಿ. ಆಗ ತಿಳೀತು ನನಗೆ... ಅವಳು ಸೇಡಿಗೆ ಬಂದಿರ್ಲಿಲ್ಲ. ತನಗಾದದ್ದು ಇನ್ನೊಬ್ಬಳಿಗೆ ಆಗೋದನ್ನ ಮುಂಚೇನೇ ತೋರಿಸ್ತಿದ್ಲು, ತನ್ನ ಸಾವಿಗೆ ನಿಂತವಳಿಗೂ ತೋರಿಸ್ತಿದ್ಲು. ನಾನು ಮಾತ್ರ ಪ್ರತಿಸಲ ಅವಳ ಬಾಯಿ ಮುಚ್ಚಿಸ್ತಿದ್ದೆ.

ಮುಚ್ಚದೇನೇ ಒಂದು ಪ್ರಿಂಟ್ ಹಾಕಿದೆ. ಒಣಗೋಕೂ ಬಿಡದೆ ಒದ್ದೆ ಕಾಗದ ಹಿಡ್ಕೊಂಡು ರಸ್ತೆ ದಾಟಿ ಓಡಿದೆ. ಮಾಸ್ಟರು ಬಾಗಿಲಿಗೆ ಬಂದು ಕೂಗ್ತಾನೇ ಇದ್ರು. ಡ್ಯೂಟಿಯಲ್ಲಿದ್ದ ನರ್ಸಮ್ಮ ಆ ಪ್ರಿಂಟ್ ನೋಡಿದ್ದೇ ತಡ ನನ್ನನ್ನ ಕಾರಿಡಾರಿನ ಮೂಲೆಗೆ ಎಳೆದುಕೊಂಡು ಹೋದ್ಲು. ನಾನೇನೂ ಹೇಳಲೇ ಇಲ್ಲ, ಅವಳಿಗೆ ಆ ಆಕಾರದ ಗುರುತು ನನಗಿಂತ ಚೆನ್ನಾಗಿತ್ತು. ಅಲ್ಲೇ ಕೂತು ಆ ಹೆರಿಗೆಯ ದಿನ ಆದದ್ದನ್ನೆಲ್ಲ ಬಾಯಿ ಬಿಟ್ಟು ಹೇಳಿದ್ಲು. ದೀಪದ ಬಲ್ಬು ಒಂದು ಸಲ ಮಿಂಚಿದ್ರೆ ಸುಟ್ಟುಹೋಗ್ತಿತ್ತು ಆಗ, ಬದಲಾಯಿಸಬೇಕು. ಮಾಸ್ಟರು ಮೂರು ಬಲ್ಬು ಬದಲಾಯಿಸಿದ್ರಂತೆ. 'ಸಿಸ್ಟರ್, ಒಂದೇ ನಿಮಿಷ, ಮಗು ಇನ್ನೂ ಸ್ವಲ್ಪ ಮೇಲೆ. ಹಾಂ, ಹಾಗೇ ಇರಿ, ಅಲುಗಬೇಡಿ.' ಡಾಕ್ಟರು ಪಕ್ಕದ ಟೇಬಲಿನ ಹೆರಿಗೆಗೆ ಹೋಗಿದ್ರಂತೆ. ಕೆಳಗಿಂದ ಹೊಲಿಗೆಯವಳು, 'ಸಿಸ್ಟರ್, ಕೆಳಗೆ ಬಿಸಿ ಬಿಸಿ ಆಗ್ತಿದೆ, ನೋಡಿ ಸಿಸ್ಟರ್' ಅಂದ್ಲಂತೆ. 'ಆಗತ್ತಮ್ಮ, ಸುಮ್ನಿರು' ಅಂದ್ಲಂತೆ ಈಕೆ. ಎಲ್ಲರೂ ಆನಂದ ಅಂದ್ರಲ್ಲ ಆ ಮುಖ, ಆ ಅರ್ಧ ತೆರೆದ ಬಾಯಿ... 'ನೋಡಿ ಸಿಸ್ಟರ್' ಅಂತಿತ್ತು ಅದು.

ನರ್ಸಮ್ಮ ಮನೆಗೆ ಹೋಗ್ಲಿಲ್ಲ. ಆಗಲೇ ಡಾಕ್ಟರ ಕಾಲು ಹಿಡಿದು ವಾರ್ಡಿಗೆ ಸೇರಿಕೊಂಡ್ಲು, ರಕ್ತ ತರಿಸಿ ಇಟ್ಟುಕೊಳ್ಳಿ ಅಂತ ಹಟ ಮಾಡಿದ್ಲು. ಡಾಕ್ಟರು ನಕ್ಕರಂತೆ. ಮಾರನೇ ದಿನ ಬೆಳಿಗ್ಗೆ ನೋವಿಲ್ಲ ನುಡಿಯಿಲ್ಲ, ಮಲಗಿದ್ದಲ್ಲೇ ನಲ್ಲಿ ಬಿಟ್ಟ ಹಾಗೆ ರಕ್ತ ಹೋಯ್ತು. ಮಾಸು, ಅದೇ ನಿಮ್ಮ ಪ್ಲಾಸೆಂಟಾ, ಮಗುಗಿಂತ ಕೆಳಗೆ ಕೂತಿತ್ತು. ಆ ಕ್ಷಣವೇ ಟೇಬಲಿಗೆ ಹಾಕಿ ಕೊಯ್ದು ಮಗು ತೆಗೆದ್ರು. ತಾಯಿ ಉಳಿದ್ಲು, ಮಗು ಉಳೀತು. ಮನೇಲಿ ಇದ್ದಿದ್ರೆ? ನೀವೇ ಓದಿದೀರಲ್ಲ, ನೀವೇ ಹೇಳಿ.

ಇನ್ನು ಮಾಸ್ಟರು. ಬಹುಮಾನದವರು ಒಂದು ಪುಸ್ತಕಕ್ಕೆ ಅವರದೇ ಭಾವಚಿತ್ರ ಕೇಳಿದ್ರು. ಕನ್ನಡಿ ಮುಂದೆ ತಲೆಗೆ ಎಣ್ಣೆ ಮೆತ್ತಿ, ಕೋಟು ಹಾಕ್ಕೊಂಡು ತಾವೇ ತೆಗೆದುಕೊಂಡ್ರು. ನೆಗೆಟಿವ್ ನನ್ನ ಮುಂದೆ ತಂದಿಟ್ರು. ಬಾಯಿಯಿಂದ ಎದೆಯವರೆಗೆ ಇಳಿದಿತ್ತು ಕಲೆ. 'ಮುಚ್ಚಿ' ಅಂದ್ರು. ನಾನಂದೆ, 'ಮಾಸ್ಟ್ರೇ, ಕಾಲಿಗೆ ಬೀಳ್ತೀನಿ, ಡಾಕ್ಟರ ಹತ್ತಿರ ಹೋಗಿ ತೋರಿಸಿ. ನಾನು ಮಾತ್ರ ಇನ್ನು ಮುಚ್ಚಲ್ಲ.' 'ಮುಖದ ತುಂಬ ಕೊಳಕಿಟ್ಟುಕೊಂಡು ಪುಸ್ತಕಕ್ಕೆ ಕಳಿಸ್ಲಾ?' ಅಂತ ಕಿರುಚಿ, ಪೆನ್ಸಿಲ್ ಕಿತ್ಕೊಂಡು, ಮೊನೆ ನಾಲಿಗೆಗೆ ಒತ್ತಿ, ತಾವೇ ಕೂತ್ರು. ನಾನು ಚಪ್ಪಲಿ ಮೆಟ್ಟಿ ಮನೆಗೆ ಹೋದೆ.

ಮೂರನೇ ದಿನ ಬೆಳಿಗ್ಗೆ ಅಲ್ಲೇ ಉಳಿದಿದ್ದ ನನ್ನ ಕುಂಚ, ಭೂತಗನ್ನಡಿ ತಗೊಳ್ಳೋಕೆ ಹೋದೆ. ಬಾಗಿಲು ತೆಗೀತಿದ್ದ ಹಾಗೇ ಗೊತ್ತಾಯ್ತು. ನೊಣ... ಗುಂಯ್ ಅನ್ನೋ ಸದ್ದು ಡಾರ್ಕ್ ರೂಮಿನ ಪರದೆ ಹಿಂದಿನಿಂದ. ಹೊಟ್ಟೆಯೊಳಗೆ ಹುಣ್ಣು ಒಡೆದಿತ್ತಂತೆ, ಡಾಕ್ಟರು ಆಮೇಲೆ ಹೇಳಿದ್ರು, ಎರಡು ದಿನ ಮುಂಚೆ ಬಂದಿದ್ರೆ ಉಳಿಸಬಹುದಿತ್ತು ಅಂತ. ಪ್ರಿಂಟ್ ತೊಳೆಯೋ ತಟ್ಟೆಯೊಳಗೆ ಮುಖ ಅದ್ದಿ ಬಿದ್ದಿದ್ರು. ಕಕ್ಕಿದ್ದೆಲ್ಲ ಆ ತಟ್ಟೆಯಲ್ಲೇ ಹೆಪ್ಪುಗಟ್ಟಿತ್ತು, ಅದರ ಮೇಲೆ ಅವರ ಭಾವಚಿತ್ರ ಅಂಟಿಕೊಂಡಿತ್ತು, ಶುಭ್ರವಾಗಿ ಟಚಿಂಗ್ ಮಾಡಿದ್ದು, ಒಂದು ಚುಕ್ಕೆ ಕಲೆಯಿಲ್ಲ. ನಗ್ತಿತ್ತು.

ನಾನು ಆ ಕೆಲಸ ಮತ್ತೆ ಮುಟ್ಟಲಿಲ್ಲ. ನರ್ಸಮ್ಮನೇ ನನ್ನನ್ನ ಈ ಹಾಸ್ಟೆಲಿಗೆ ಸೇರಿಸಿದ್ದು.

ಅಜ್ಜಿ ಮೇಜಿನ ಮೇಲೆ ಕರಗಿ ಬಿದ್ದ ಮೇಣವನ್ನು ಉಗುರಿನಿಂದ ಕೆರೆದರು. ಹೊರಗೆ ಮಳೆ ಹಾಗೇ ಸುರಿಯುತ್ತಿತ್ತು. ಫೋನಿನವಳು ಯಾವಾಗಲೋ ಅದನ್ನು ಜೇಬಿಗೆ ಸೇರಿಸಿ ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದಳು. ನಾನು ಕೇಳಿದೆ: 'ಆ ಬಹುಮಾನದ ಫೋಟೋ ಏನಾಯಿತು ಅಜ್ಜಿ?'

ಏನಾಗತ್ತೆ? ಚೌಕಟ್ಟು ಹಾಕಿಸಿ ಆಸ್ಪತ್ರೆಗೆ ಕೊಟ್ಟಿದ್ರು. ಹಳೇ ಕಟ್ಟಡ ಕೆಡವಿದಾಗ ತೆಗೆದು ಹೊಸದರಲ್ಲಿ ಹಾಕಿದಾರೆ. ನೀವು ದಿನಾ ಎರಡು ಸಲ ಅದರ ಮುಂದೇನೇ ಹಾದು ಹೋಗ್ತೀರಿ, ಹೆರಿಗೆ ವಾರ್ಡಿಗೆ ಹತ್ತೋ ಮೆಟ್ಟಿಲ ತಿರುವಿನಲ್ಲಿ... ನಾನು ಆ ಕಡೆ ಹೋಗಿ ಮೂವತ್ತು ವರ್ಷ ಆಯ್ತು. ಎಲ್ಲಿ, ನೆನಪು ಮಾಡ್ಕೊಂಡು ಹೇಳಿ ನೋಡೋಣ. ಆ ಫೋಟೋದಲ್ಲಿ ಹಾಸಿಗೆ ಹೇಗಿದೆ?

'ಬಿಳೀದು,' ಅಂದೆ ನಾನು, 'ಕೆಳಗೆ ಕೆಂಪು ಅಂಚು.'

'ಅಂಚಲ್ಲ, ಅರ್ಧದವರೆಗೂ ಕೆಂಪೇ,' ಅಂದಳು ಇನ್ನೊಬ್ಬಳು.

'ನಾವು ಸೇರಿದಾಗ ಬರೀ ಅಂಚಿನಷ್ಟೇ ಇತ್ತಲ್ವೇನೇ?' ಅಂದಳು ಮೂರನೆಯವಳು, ಮೆಲ್ಲಗೆ.

ಅಜ್ಜಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

ಅದು ಕಪ್ಪು ಬಿಳುಪು ಫೋಟೋ ಕಣ್ರಮ್ಮ.